ಚಿಕ್ಕೀರಪ್ಪನ ಒಳಗಿನವರು

ನಮ್ಮೂರಿನಲ್ಲಿ ಒಬ್ಬರಿಗೊಬ್ಬರು ಎದುರಾದರೆ ‘ಚೆನ್ನಾಗಿದ್ದೀರಾ’ ಎಂದು ಯಾರೂ ಕೇಳುವುದಿಲ್ಲ. ‘ಒಳಗಿನವರು ಏನಂತಾರೆ?’ ಎಂದು ಕೇಳುತ್ತೇವೆ. ಕೇಳಿದವನು ಉತ್ತರಕ್ಕಾಗಿ ಮುಖ ನೋಡುವುದಿಲ್ಲ, ಹೊಟ್ಟೆಯ ಕಡೆ ನೋಡುತ್ತಾನೆ. ಉತ್ತರ ಬರುವುದು ಅಲ್ಲಿಂದಲೇ. ಮದುವೆಯಾಗಿ, ಒಂದೆರಡು ಮಕ್ಕಳಾಗಿ, ಸೊಂಟದಲ್ಲಿ ಪಂಚೆ ನಿಲ್ಲದೆ ಜಾರಲು ಶುರುವಾಗುವ ವಯಸ್ಸಿಗೆ ಸರಿಯಾಗಿ ನಮ್ಮ ಹೊಟ್ಟೆಗಳಿಗೆ ಮಾತು ಬರುತ್ತದೆ. ಒಬ್ಬರ ಹೊಟ್ಟೆಯಲ್ಲಿ ಮುತ್ತಜ್ಜ, ಇನ್ನೊಬ್ಬರ ಹೊಟ್ಟೆಯಲ್ಲಿ ಮುತ್ತಜ್ಜಿಯ ಅವ್ವ. ಯಾರೇ ಆಗಲಿ, ಎಲ್ಲರೂ ತೌಡಿನ ಬರದ ಕಾಲದವರು. ಆಗ ಜನ ದನದ ತೌಡನ್ನು ಕದ್ದು ಗಂಜಿ ಕಾಯಿಸಿ ಕುಡಿದರಂತೆ. ಒಳಗಿನವರಿಗೆ ಕಣ್ಣಿಲ್ಲ. ಕಿವಿ ಇದೆ, ನಾಲಿಗೆ ಇದೆ, ದಿನವಿಡೀ ಹೇಳಲು ಒಂದು ಮಾತಿದೆ: “ಉಣ್ಣು ಮಗ, ನಾಳೀಕೆ ಇರ್ತದೋ ಇಲ್ವೋ.”

ಇದರ ಫಜೀತಿಗಳಿಗೆ ನಾವು ಒಗ್ಗಿಹೋಗಿದ್ದೇವೆ. ಬಸ್ಸಿನಲ್ಲಿ ಅಪರಿಚಿತರಿಬ್ಬರು ಪಕ್ಕಪಕ್ಕ ಕೂತರೆ ಮೊದಲು ಮಾತಿಗಿಳಿಯುವುದು ಅವರ ಹೊಟ್ಟೆಗಳು. ಕಂಡಕ್ಟರು ಟಿಕೇಟು ಹರಿಯುವಷ್ಟರಲ್ಲಿ ಏನಾದರೂ ಸಂಬಂಧ ಹೊರಟಿರುತ್ತದೆ. ನನ್ನ ಚಿಕ್ಕಪ್ಪನ ಮಗನ ಮದುವೆ ನಿಶ್ಚಯದ ದಿನವೇ ಮುರಿದುಬಿತ್ತು. ಹುಡುಗಿಯ ಅಪ್ಪನ ಒಳಗಿನವರಿಗೂ ಹುಡುಗನ ಅವ್ವನ ಒಳಗಿನವರಿಗೂ ಬರದಲ್ಲಿ ಒಂದೇ ಹುಣಸೆಮರದ ಚಿಗುರಿಗಾಗಿ ಜಗಳವಾಗಿತ್ತಂತೆ. ಅದು ಅವತ್ತು ಎಲೆಯಡಿಕೆ ತಟ್ಟೆಯ ಮುಂದೆ ಮುಂದುವರಿಯಿತು. ‘ತಪ್ಪಾಯಿತು, ಹೊಟ್ಟೆಗೆ ಹಾಕಿಕೊಳ್ಳಿ’ ಎಂದು ನಮ್ಮಲ್ಲಿ ಯಾರೂ ಕ್ಷಮೆ ಕೇಳುವುದಿಲ್ಲ. ಹೊಟ್ಟೆಗೆ ಹಾಕಿದ್ದನ್ನು ಅವರು ಬಿಟ್ಟುಕೊಡುವುದಿಲ್ಲವಲ್ಲ, ಅದಕ್ಕೆ.

ನಾನು ಹೇಳಹೊರಟಿರುವುದು ನನ್ನ ಭಾವ ಚಿಕ್ಕೀರಪ್ಪನ ಕಥೆ. ನನ್ನ ಅಕ್ಕ ಸಿದ್ದಗಂಗಳ ಗಂಡ, ಊರಿಗೆಲ್ಲ ಟೈಲರು. ಎದುರಿಗೆ ಸಿಕ್ಕಾಗ ನಾನು ಬಹುವಚನ ಕೊಟ್ಟೇ ಮಾತಾಡಿಸುವುದು. ಕಥೆಯಲ್ಲಿ ಮಾತ್ರ ಏಕವಚನ ಇರಲಿ, ಇಲ್ಲದಿದ್ದರೆ ಒಳಗಿನವರು ಯಾರು ಹೊರಗಿನವರು ಯಾರು ಎಂದು ಓದುವವರಿಗೆ ಗೊಂದಲವಾದೀತು. ಅವನ ಅಂಗಡಿಗೂ ನನ್ನ ಅಂಗಡಿಗೂ ನಡುವೆ ಒಂದು ಹಲಗೆ ಅಡ್ಡ. ಆ ಕಡೆ ಅವನು ಹೊಲಿಯುತ್ತಾನೆ, ಈ ಕಡೆ ನಾನು ಗುಂಡಿ, ದಾರ, ಕೊಕ್ಕೆ, ಲಾಡಿ ಮಾರುತ್ತೇನೆ. ಹಲಗೆಯಲ್ಲಿ ಬಿರುಕುಗಳಿರುವುದರಿಂದ ಅವನ ಬದುಕಿನಲ್ಲಿ ನನಗೆ ಗೊತ್ತಿಲ್ಲದ್ದು ಕಡಿಮೆ.

ಚಿಕ್ಕೀರಪ್ಪನ ಹೊಲಿಗೆಗೆ ಒಂದು ಹೆಸರಿತ್ತು. ಹೊಸ ಅಂಗಿ ಕೊಡುವಾಗ ಅದನ್ನು ಒಳಮಗ್ಗುಲು ತಿರುಗಿಸಿ, ಹೊಲಿಗೆಯಂಚಿನಲ್ಲಿ ಮಡಚಿಟ್ಟ ಬಟ್ಟೆಯನ್ನು ಬೆರಳಿನಿಂದ ತೋರಿಸಿ, “ಒಳಗೆ ಬಟ್ಟೆ ಬಿಟ್ಟಿದೀನಿ” ಎನ್ನುತ್ತಿದ್ದ. ಗಿರಾಕಿಗೆ ಅಷ್ಟು ಕೇಳಿದರೆ ಸಮಾಧಾನ. ನಮ್ಮೂರಿನ ಸೊಂಟಗಳು ಒಂದೇ ದಿಕ್ಕಿನಲ್ಲಿ ಬೆಳೆಯುವುದರಿಂದ, ಯುಗಾದಿಗೊಮ್ಮೆ ಬಿಚ್ಚಿ ಸಡಿಲ ಮಾಡಿಸಿಕೊಂಡು ಹೋಗುವುದು ವಾಡಿಕೆ. ಬೇರೆ ಊರಿನ ಟೈಲರುಗಳು ಬಟ್ಟೆ ಕದಿಯುತ್ತಾರೆ, ನಮ್ಮ ಚಿಕ್ಕೀರಪ್ಪ ಬಟ್ಟೆ ಕೂಡಿಡುತ್ತಾನೆ ಎಂದು ಜನ ಹೊಗಳುತ್ತಿದ್ದರು.

ಅವನ ಹೊಟ್ಟೆಯಲ್ಲಿದ್ದದ್ದು ಹುಚ್ಚೀರಜ್ಜಿ. ಊರಿನ ಒಳಗಿನವರಲ್ಲೆಲ್ಲ ಗಟ್ಟಿ ಗಂಟಲಿನವಳು, ಅಷ್ಟೇ ಗಟ್ಟಿ ಕೈಯವಳು. ಒಂದು ಅಗುಳು ಒಳಗೆ ಬಿದ್ದರೆ ಅದು ಅವಳ ಗಂಟಿಗೆ ಸೇರಿತು ಎಂದೇ ಲೆಕ್ಕ. ಮದುವೆಮನೆಯಲ್ಲಿ ಬಡಿಸುವವನ ಬಕೆಟ್ಟಿನ ಸದ್ದು ಮೂರು ಪಂಕ್ತಿ ಆಚೆ ಕೇಳಿದರೂ ಸಾಕು, “ಲೇ ಮಗ, ಪಾಯಸ ಬತ್ತಾ ಅದೆ, ಎಲೆ ಅಗಲ ಮಾಡ್ಕೊ” ಎಂದು ಒಳಗಿಂದ ಕೂಗುತ್ತಿದ್ದಳು. ಚಿಕ್ಕೀರಪ್ಪ ನಾಚಿಕೊಂಡು ಹೊಟ್ಟೆಯ ಮೇಲೆ ಟವೆಲ್ಲು ಹಾಕಿಕೊಳ್ಳುತ್ತಿದ್ದ, ಪಾಯಸವನ್ನಂತೂ ಹಾಕಿಸಿಕೊಳ್ಳುತ್ತಿದ್ದ.

ಒಂದು ಮಧ್ಯಾಹ್ನ ನನ್ನ ಅಂಗಡಿಯ ಮುಂದೆ ರಸ್ತೆಯ ಮೇಲೆ ಒಂದು ಕೆಂಪು ದಾರ ಉದ್ದಕ್ಕೆ ಚಾಚಿಕೊಂಡು ಹೋಗಿರುವುದು ಕಾಣಿಸಿತು. ನನ್ನ ಅಂಗಡಿಯದೇ ದಾರ, ಬಣ್ಣ ನೋಡಿದರೆ ಗೊತ್ತಾಗುತ್ತದೆ. ಯಾರಪ್ಪಾ ಹೀಗೆ ದಂಡ ಮಾಡುತ್ತಿರುವವರು ಎಂದು ಸುತ್ತಿಕೊಳ್ಳುತ್ತಾ ಹೊರಟೆ. ದಾರ ಹಿಟ್ಟಿನ ಗಿರಣಿ ದಾಟಿತು, ಬೋರ್‌ವೆಲ್ಲು ದಾಟಿತು, ಸಂದಿಯಲ್ಲಿ ತಿರುಗಿ ನಮ್ಮಕ್ಕನ ಮನೆಯ ಹೊಸಿಲು ದಾಟಿ ಒಳಗೆ ಹೋಯಿತು. ಅಲ್ಲಿ ಚಿಕ್ಕೀರಪ್ಪ ಮಣೆಯ ಮೇಲೆ ಕೂತು ಉಣ್ಣುತ್ತಿದ್ದ. ದಾರದ ಇನ್ನೊಂದು ತುದಿ ಸೂಜಿಯಲ್ಲಿತ್ತು, ಸೂಜಿ ಅವನ ಬಲಗಾಲಿನ ಹೆಬ್ಬೆರಳಿನಲ್ಲಿ ನೆಟ್ಟಿತ್ತು. “ಭಾವ, ಕಾಲಲ್ಲಿ ಸೂಜಿ!” ಎಂದು ನಾನು ಕಿರುಚಿದರೆ ಅವನು ಸಾರಿನ ಕೈಯನ್ನೇ ಚಾಚಿ, “ಎಲ್ಲಿ, ಯಾರ ಕಾಲಲ್ಲಿ?” ಎಂದು ನನ್ನ ಕಾಲು ನೋಡಿದ. ನಗು ಬಂತು. ಅಕ್ಕ ಸೂಜಿ ಕಿತ್ತಾಗಲೂ ಅವನು ಹುಳಿಯಲ್ಲಿ ಬದನೆಕಾಯಿ ಹುಡುಕುತ್ತಿದ್ದುದನ್ನು ಕಂಡು ನಗು ನಿಂತಿತು.

ಗಾಯ ಮಾಯಲಿಲ್ಲ. ಅರಿಶಿನ, ಬೇವು, ಮುಲಾಮು ಎಲ್ಲ ಮುಗಿದ ಮೇಲೆ ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ಡಾಕ್ಟರ್ ವಾರಿಜಾ ಅವರ ಬಳಿಗೆ ಕರೆದೊಯ್ದೆವು. ಅವರು ಹೊರಗಿನವರು. ಅವರ ಹೊಟ್ಟೆ ಮಾತಾಡುತ್ತಿರಲಿಲ್ಲ. ಇದು ತಿಳಿದಾಗ ಊರಿನ ಹೆಂಗಸರು ‘ಪಾಪ, ದಿಕ್ಕಿಲ್ಲದ ಹುಡುಗಿ’ ಎಂದು ಮರುಗಿ ದಿನಕ್ಕೊಂದು ಮನೆಯಿಂದ ಸಾರು ಕಳಿಸುತ್ತಿದ್ದರು. ಡಾಕ್ಟರಮ್ಮ ರಕ್ತ ನೋಡಿ, ಕಾಲು ನೋಡಿ, ಮುಖ ಗಂಭೀರ ಮಾಡಿಕೊಂಡರು.

“ಸಕ್ಕರೆ ಕಾಯಿಲೆ. ತುಂಬಾ ಜಾಸ್ತಿ ಇದೆ. ಅದು ಇಳಿಯದೆ ಗಾಯ ಮಾಯಲ್ಲ. ಹುಣ್ಣಿಮೆವರೆಗೂ ನೋಡ್ತೀನಿ ಚಿಕ್ಕೀರಪ್ಪನವರೇ. ಆಗಲೂ ಹಿಂಗೇ ಇದ್ರೆ ದೊಡ್ಡಾಸ್ಪತ್ರೆಗೆ ಬರೆದುಕೊಡಬೇಕಾಗುತ್ತೆ. ಅಲ್ಲಿ ಬೆರಳು ತೆಗೀತಾರೆ. ಅಲ್ಲಿಗೂ ನಿಲ್ಲದಿದ್ರೆ ಪಾದ.”

ಚಿಕ್ಕೀರಪ್ಪ ತನ್ನ ಬಲಪಾದವನ್ನು ನೋಡಿಕೊಂಡ. ಅವನದು ಕಾಲಿನಲ್ಲಿ ತುಳಿಯುವ ಮಿಷನ್ನು. ಮೋಟಾರು ಹಾಕಿಸಿಕೊಳ್ಳಿ ಎಂದು ಹೇಳುವವರಿಗೆ ನಮ್ಮೂರಿನ ಕರೆಂಟಿನ ಗುಣ ಗೊತ್ತಿಲ್ಲ. ಆ ಪಾದ ಹೋದರೆ ಮಿಷನ್ನು ನಿಂತಿತು, ಮಿಷನ್ನು ನಿಂತರೆ ಚಿಕ್ಕೀರಪ್ಪ ಎಂಬವನು ಯಾರು ಎಂದು ಅವನಿಗೇ ತಿಳಿಯದು.

“ನಾನು ಅಷ್ಟೊಂದು ತಿಂದೆನಾ ಅಮ್ಮಾ?” ಎಂದು ಕೇಳಿದ.

“ನೀವೊಬ್ಬರೇ ತಪ್ಪು ಮಾಡಿದ್ದಲ್ಲ,” ಎಂದರು ಡಾಕ್ಟರಮ್ಮ. “ಬರ ಬಂದಾಗ ಧಾರಾಳವಾಗಿ ಖರ್ಚು ಮಾಡೋ ಮೈಗಳೆಲ್ಲ ಹೋಗಿಬಿಟ್ಟವು. ಸಿಕ್ಕಿದ್ದನ್ನ ಬಚ್ಚಿಟ್ಟುಕೊಳ್ಳೋ ಜಿಪುಣ ಮೈಗಳು ಉಳಿದವು. ಅವರಿಗೆ ಮಕ್ಕಳಾದವು, ಆ ಮಕ್ಕಳಿಗೆ ಮಕ್ಕಳಾದವು. ಅದೇ ಮೈ ಈಗ ಮೂರು ಹೊತ್ತು ಅನ್ನ ಸಿಕ್ಕಿದರೂ ಬಚ್ಚಿಡೋದನ್ನ ಬಿಟ್ಟಿಲ್ಲ. ನಮ್ಮ ಕಡೆಯೂ ಹಿಂಗೇ. ನಮ್ಮೋರು ಬಾಯಿ ಬಿಡಲ್ಲ, ಅಷ್ಟೆ.”

“ಯಾರ್ಲಾ ಅವಳು ಜಿಪುಣಿ ಅಂದೋಳು?” ಎಂದಿತು ಚಿಕ್ಕೀರಪ್ಪನ ಹೊಟ್ಟೆ. “ಒಂದು ಹಿಡಿ ತೌಡು ಮನೇಲಿಟ್ಕೊಂಡು ಸಂಸಾರ ಮಾಡಿದ್ದಾಳಾ ಕೇಳು!”

ಮಾತ್ರೆ ಬರೆದುಕೊಟ್ಟರು. ಅನ್ನ ಕಡಿಮೆ ಮಾಡಿ, ನವಣೆ ಉಣ್ಣಿ, ಹಾಗಲಕಾಯಿ ತಿನ್ನಿ, ಕಾಲಿಗೆ ಮೆತ್ತನೆ ಚಪ್ಪಲಿ ಹಾಕಿಕೊಂಡು ಹದವಾಗಿ ನಡೆಯಿರಿ ಎಂದರು. ಬೇರೆ ಊರಿನಲ್ಲಾಗಿದ್ದರೆ ಇದು ಒಳ್ಳೆಯ ಸಲಹೆ. ನಮ್ಮೂರಿನಲ್ಲಿ ಒಳಗೆ ಕೂತು ಕೇಳುವವರಿದ್ದಾರಲ್ಲ! ಮೊದಲ ದಿನ ತಟ್ಟೆಯಲ್ಲಿ ಅನ್ನ ಅರ್ಧಕ್ಕೆ ಇಳಿದಿತ್ತು. ಎರಡನೆಯ ತುತ್ತಿಗೆ ನವಣೆ ನಾಲಿಗೆಗೆ ತಾಗಿತು. “ಅಕ್ಕಿ ಮುಗೀತಾ?” ಎಂದಳು ಹುಚ್ಚೀರಜ್ಜಿ, ಸಣ್ಣ ದನಿಯಲ್ಲಿ. ಆಮೇಲೆ ಹಾಗಲಕಾಯಿ ಬಂತು. “ಅಯ್ಯೋ, ಬೇಲಿ ಸೊಪ್ಪಿಗೆ ಬಂದ್ಬಿಟ್ರಲ್ಲೋ!” ಎಂದು ಕೂಗಿದ ಕೂಗಿಗೆ ಪಕ್ಕದ ಮನೆಯವರು ಹೊರಗೆ ಬಂದರು. ಸಂಜೆ ಚಿಕ್ಕೀರಪ್ಪ ಚಪ್ಪಲಿ ಮೆಟ್ಟಿ ಕೆರೆ ಏರಿಯ ಮೇಲೆ ನಡೆಯಲು ಹೋದರೆ, ಹೆಜ್ಜೆಯ ಸಪ್ಪಳ ಕೇಳಿ ಅವಳ ಜೀವ ಬಾಯಿಗೆ ಬಂತು. “ಗುಳೆ ಹೊರಟ್ರಾ ಮಗ? ಊರು ಬಿಟ್ರಾ? ಕೋಳಿ ಹಿಡ್ಕೊಂಡ್ರಾ?” ಅವಳಿಗೆ ಎಲ್ಲ ಗುರುತೂ ಸರಿಯಾಗಿ ಹೊಂದಿತು: ಬರ ತಿರುಗಿ ಬಂದಿದೆ. ಸೆರಗು ಕಟ್ಟಿ ನಿಂತಳು. ಆಮೇಲೆ ಹೊಟ್ಟೆಗೆ ಹೋದದ್ದರಲ್ಲಿ ಒಂದು ಕಾಳನ್ನೂ ಅವಳು ಪೋಲಾಗಲು ಬಿಡಲಿಲ್ಲ. ಮುಂದಿನ ವಾರ ರಕ್ತ ನೋಡಿದ ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಂದು ಸಲ ನೋಡಿದರು.

“ನೀವು ಒಳಗಿನವರ ಹತ್ತಿರ ಬಾಯಿಬಿಟ್ಟು ಮಾತಾಡಬೇಕು,” ಎಂದರು. “ಊಟಕ್ಕೆ ಮುಂಚೆ, ಊಟ ಆದಮೇಲೆ, ಸಮಾಧಾನವಾಗಿ ಹೇಳಿ. ಸಾಕು ಅಂತ ಹೇಳಿ. ಅದೊಂದೇ ಪದ. ಸಾಕು.”

ನಮ್ಮೂರಿನಲ್ಲಿ ಊಟಕ್ಕೆ ಕೂತವರು ಆ ಪದ ಬಳಸುವ ರೂಢಿ ಇರಲಿಲ್ಲ. ಬಡಿಸುವವನು ಬಂದರೆ ‘ಇರಲಿ’ ಎನ್ನುತ್ತೇವೆ. ಇರಲಿ ಎಂದರೆ ಬೇಡ ಎಂದು ಹೇಳುವವನ ಅರ್ಥ, ಇನ್ನೊಂದು ಸೌಟು ಇರಲಿ ಎಂದು ಬಡಿಸುವವನ ಅರ್ಥ; ಯಾರಿಗೂ ಬೇಜಾರಿಲ್ಲ. ಚಿಕ್ಕೀರಪ್ಪ ಪಾದದ ಆಸೆಗೆ ನಾಲಿಗೆ ತಿರುಗಿಸಿಕೊಂಡ. ಹೊಟ್ಟೆಯ ಮೇಲೆ ಕೈಯಿಟ್ಟು, “ಸಾಕು ಅಜ್ಜಿ, ಸಾಕು” ಎಂದು ಶುರುಮಾಡಿದ. ಹಲಗೆಯ ಈಚೆಗೆ ನನಗೆ ಇಡೀ ದಿನ ಮಿಷನ್ನಿನ ಸದ್ದಿನ ಜೊತೆ ಅದೇ ಕೇಳಿಸುತ್ತಿತ್ತು: ಸಾಕು, ಸಾಕು, ಸಾಕು. ವಿಚಿತ್ರವೆಂದರೆ ಅಜ್ಜಿ ಜಗಳವಾಡಲಿಲ್ಲ. “ಆಯ್ತು ಮಗ, ಆಯ್ತು, ಅದನ್ನ ಹೇಳಬೇಕಾ” ಎಂದು ಅಕ್ಕರೆಯಿಂದ ಒಪ್ಪಿಕೊಳ್ಳುತ್ತಿದ್ದಳು. ನಾವೆಲ್ಲ ಗೆದ್ದೆವು ಎಂದುಕೊಂಡೆವು.

ಸುದ್ದಿ ಹಬ್ಬಿತು. ಊರಿನಲ್ಲಿ ಸಕ್ಕರೆ ಕಾಯಿಲೆ ಇಲ್ಲದ ಮನೆ ಇರಲಿಲ್ಲ, ಎಲ್ಲರೂ ಹಿಡಿದುಕೊಂಡರು. ಶಾಲೆಯ ಮೇಷ್ಟ್ರು, ಗಿರಣಿಯವನು, ನಾನೂ ಸೇರಿ ಎಲೆಯ ಮುಂದೆ ಕೂತು ಹೊಟ್ಟೆಯನ್ನು ಸವರುತ್ತಾ ‘ಸಾಕು ಸಾಕು’ ಎನ್ನುವವರೇ. ಒಂದು ಮದುವೆಮನೆಯಲ್ಲಂತೂ ಪಂಕ್ತಿಯುದ್ದಕ್ಕೂ ಇದೇ ಸದ್ದಾಗಿ, ಹೊರಗಿನಿಂದ ಬಂದಿದ್ದ ಅಡುಗೆಭಟ್ಟ ತನ್ನ ಅಡುಗೆ ಕೆಟ್ಟಿತೆಂದು ಹೆದರಿ ಬಚ್ಚಲಲ್ಲಿ ಅಡಗಿ ಕೂತ. ಆ ವಾರ ಚಿಕ್ಕೀರಪ್ಪನ ಅಂಗಡಿಯ ಮುಂದೆ ಹಬ್ಬಕ್ಕಿಂತ ಹೆಚ್ಚು ಗಿರಾಕಿ. ಎಲ್ಲರ ಕೈಯಲ್ಲೂ ಅಂಗಿ, ಎಲ್ಲರದ್ದೂ ಒಂದೇ ಮಾತು: “ಯಾಕೋ ಬಿಗಿಯಾಗ್ತಿದೆ, ಸ್ವಲ್ಪ ಬಿಚ್ಚಿಕೊಡಪ್ಪ.” ನನ್ನ ಮೂರು ಗುಂಡಿಗಳು ಹಾರಿಹೋಗಿದ್ದವು. ಸ್ವಂತ ಅಂಗಡಿಯದಾದ್ದರಿಂದ ತಡೆದುಕೊಂಡೆ.

ಚಿಕ್ಕೀರಪ್ಪನ ಸಕ್ಕರೆ ಹಿಂದೆಂದೂ ಏರದಷ್ಟು ಏರಿತ್ತು. ಬೆರಳಿನ ಬಣ್ಣ ಕೆಟ್ಟಿತು. ಹುಣ್ಣಿಮೆಯ ಹಿಂದಿನ ದಿನ ಹಲಗೆಯ ಆಚೆ ಮಿಷನ್ನಿನ ಸದ್ದು ಎಂದಿನಂತೆ ಕೇಳುತ್ತಿತ್ತು, ಆದರೆ ಬಟ್ಟೆಯ ಮೇಲೆ ಸೂಜಿ ಇಳಿಯುವಾಗಿನ ಆ ಟಕಟಕ ಇರಲಿಲ್ಲ. ಬಿರುಕಿನಲ್ಲಿ ನೋಡಿದೆ. ಸೂಜಿಗೆ ದಾರವಿಲ್ಲ, ಕೆಳಗೆ ಬಟ್ಟೆಯಿಲ್ಲ. ಸುಮ್ಮನೆ ಕೂತು ತುಳಿಯುತ್ತಿದ್ದ. ಇರುವಷ್ಟು ಹೊತ್ತು ತುಳಿದುಬಿಡೋಣ ಎಂಬಂತೆ. ಅವನನ್ನು ಜೀವಮಾನವಿಡೀ ಗೇಲಿ ಮಾಡಿಕೊಂಡು ಬಂದ ನಾನು ಎದ್ದೆ. ಅಂಗಡಿಯ ಬಾಗಿಲು ಹಾಕಿ, ಅವನನ್ನು ಸೈಕಲ್ಲಿನ ಕ್ಯಾರಿಯರಿನ ಮೇಲೆ ಕೂರಿಸಿಕೊಂಡು ಆಸ್ಪತ್ರೆಗೆ ತಳ್ಳಿಕೊಂಡು ಹೋದೆ. ಅಕ್ಕ ಹಿಂದೆಯೇ ಬಂದಳು, ಕೈಯಲ್ಲಿ ಹೋಳಿಗೆಯ ಡಬ್ಬಿ. ದಿಕ್ಕಿಲ್ಲದ ಡಾಕ್ಟರಮ್ಮನಿಗೆ ಅವತ್ತು ನಮ್ಮಕ್ಕನ ಮನೆಯ ಸರದಿ.

ಡಾಕ್ಟರಮ್ಮ ಕಾಲು ನೋಡಿದರು. ಚೀಟಿ ಬರೆಯಲು ಪೆನ್ನು ತೆಗೆದವರು ಅದನ್ನು ಕೆಳಗಿಟ್ಟು, ಕುರ್ಚಿ ಎಳೆದುಕೊಂಡು, ಎದೆ ನೋಡುವ ಕೊಳವೆಯನ್ನು ಕಿವಿಗೆ ಸಿಕ್ಕಿಸಿ ಚಿಕ್ಕೀರಪ್ಪನ ಹೊಟ್ಟೆಯ ಮೇಲಿಟ್ಟರು.

“ಅಜ್ಜೀ, ನಾನು ಡಾಕ್ಟರು. ಒಂದು ಮಾತು ಕೇಳ್ತೀನಿ, ಸಿಟ್ಟು ಮಾಡ್ಕೋಬೇಡಿ. ನಿಮ್ಮ ಮಗ ಅಷ್ಟು ಸಲ ಸಾಕು ಅಂದ್ರೂ ನೀವು ಯಾಕೆ ಕೂಡಿಡೋದನ್ನ ನಿಲ್ಲಿಸಲಿಲ್ಲ?”

“ಇದೊಳ್ಳೆ ಕತೆ,” ಎಂದಳು ಹುಚ್ಚೀರಜ್ಜಿ. “ಸಾಕು ಅಂದಿದ್ಕೇ ಕಣವ್ವ ಸಾಕ್ತಾ ಇರೋದು!”

ಡಾಕ್ಟರಮ್ಮ ಕೊಳವೆ ತೆಗೆದು ನಮ್ಮ ಮುಖ ನೋಡಿದರು. ನಾವು ಅವರ ಮುಖ ನೋಡಿದೆವು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಗಿರಣಿಯವನು ತನ್ನ ಹೊಟ್ಟೆಯನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡ.

“ಯಾರಜ್ಜಿ ಸಾಕು ಅಂದಿದ್ದು?” ಎಂದು ಚಿಕ್ಕೀರಪ್ಪ ಕೇಳಿದ.

ಅಜ್ಜಿಯ ಗಟ್ಟಿ ಗಂಟಲು ಆಗ ಇಳಿಯಿತು. “ನಿಮ್ಮವ್ವ ಕಣೋ. ನನ್ನ ಮಗಳು. ಚಾವಡಿ ಜಗಲಿ ಮೇಲೆ ಮಲಗಿದ್ಲು. ಕಡೇ ಗಂಜಿ ಮಡಕೆ ತೊಳೆದು ಬಾಯಿಗೆ ಬಿಡೋಕೆ ಹೋದೆ. ತುಟಿ ಮುಚ್ಕೊಂಡ್ಲು. ಕಂಕುಳಲ್ಲಿದ್ದ ನಿನ್ನನ್ನ ನನ್ನ ತೊಡೆ ಮೇಲಕ್ಕೆ ತಳ್ಳಿ, ಸಾಕು ಅಂದ್ಲು. ಅಷ್ಟೇ. ಗಂಜಿ ಸಾಕು ಅಂದ್ಲೋ, ಮಗೂನ ಸಾಕು ಅಂದ್ಲೋ, ಯಾವ್ದವ್ವ ಅಂತ ಕೇಳೋಷ್ಟರಲ್ಲಿ ಕಣ್ಣು ಮುಚ್ಚಿದ್ಲು. ನಾನು ಮಗೂನ ಸಾಕಿದೆ. ಸಾಕ್ತಾನೇ ಇದೀನಿ. ನೀನೂ ಈಗ ದಿನಾ ಸಾಕು ಸಾಕು ಅಂತ ಕೇಳ್ತೀಯ. ಇಲ್ಲ ಅಂತೀನಾ?”

ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. ಚಿಕ್ಕೀರಪ್ಪ ಹೊಟ್ಟೆಯ ಮೇಲೆ ಎರಡೂ ಅಂಗೈ ಇಟ್ಟುಕೊಂಡು, “ಅಜ್ಜಿ, ನಾನು ಆ ಮಗು ಅಲ್ಲ,” ಎಂದ.

“ಹುಚ್ಚಪ್ಪ. ನೀನಲ್ದೆ ಇನ್ಯಾರು? ಎಷ್ಟು ಕೊಟ್ರೂ ಇನ್ನೂ ಅಂತಿದ್ದ ಮಗು ಅದು.”

“ಅಲ್ಲಜ್ಜಿ. ಆ ಮಗು ನನ್ನ ಅಜ್ಜಿ. ತೌಡವ್ವ ಅಂತಿದ್ರು ಎಲ್ಲರೂ. ಯಾಕೆ ಆ ಹೆಸರು ಅಂತ ನನಗೆ ಗೊತ್ತಿರಲಿಲ್ಲ, ಈಗ ಗೊತ್ತಾಯ್ತು.”

“ಆ ಮಗು ಉಳೀತಾ?” ಎಂದಳು ಅಜ್ಜಿ. “ಯಾರೋ ನನ್ನ ತೊಡೆ ಮೇಲಿಂದ ಎತ್ಕೊಂಡಂಗಾಯ್ತು. ಆಮೇಲೆ ನನಗೆ ತಿಳೀದು.”

“ಉಳೀತಜ್ಜಿ. ಮದುವೆಯಾದ್ಲು, ಹೆತ್ಲು, ಮುದುಕಿ ಆದ್ಲು. ಹಲ್ಲೆಲ್ಲ ಹೋದಮೇಲೂ ಚಕ್ಕುಲಿ ಬೇಕು ಅಂತ ಹಟ ಮಾಡೋಳು. ನಾನೇ ಒರಳಲ್ಲಿ ಕುಟ್ಟಿ ಪುಡಿ ಮಾಡಿ ಕೊಡ್ತಿದ್ದೆ.”

“ಚಕ್ಕುಲೀನಾ?” ಎಂದಳು ಅಜ್ಜಿ. ನಗುತ್ತಿದ್ದಳೋ ಅಳುತ್ತಿದ್ದಳೋ, ಹೊಟ್ಟೆ ಕುಲುಕುತ್ತಿತ್ತು. ಮರುಕ್ಷಣ ಹಳೆಯ ಗಂಟಲು ತಿರುಗಿ ಬಂತು. “ನನ್ನ ಸಮಾಧಾನಕ್ಕೆ ಹೇಳ್ತಿದೀಯ. ಮೊನ್ನೆ ತಾನೇ ಬೇಲಿ ಸೊಪ್ಪು ತಿಂದೆ, ಗುಳೆ ಹೋಗಿ ಬಂದೆ. ಬರ ಹೋಗಿದ್ರೆ ಅದೆಲ್ಲ ಯಾಕೆ? ನಾನು ನಂಬಾಕಿಲ್ಲ.”

“ಏನು ಮಾಡಿದ್ರೆ ನಂಬ್ತೀರಿ ಅಜ್ಜಿ?” ಎಂದರು ಡಾಕ್ಟರಮ್ಮ.

ಅಜ್ಜಿ ಯೋಚಿಸಿದಳು. “ಊರಲ್ಲಿ ನಾಯಿ ಅದಾವಾ?”

“ಬೇಕಾದಷ್ಟು.”

“ಹಂಗಾದ್ರೆ ಒಂದು ನಾಯಿ ಮುಂದೆ ತಿನ್ನೋದು ಹಾಕಿ. ನಾಯಿ ತಿನ್ನೋದನ್ನ ಬಿಟ್ಟು ಹೋದ ದಿನ ಬರ ಹೋಯ್ತು ಅಂತ ನಂಬ್ತೀನಿ.”

ಚಿಕ್ಕೀರಪ್ಪ ನನ್ನ ತೋಳು ಹಿಡಿದುಕೊಂಡು ಕುಂಟುತ್ತಾ ಆಸ್ಪತ್ರೆಯ ಅಂಗಳಕ್ಕೆ ಬಂದ. ಅಲ್ಲಿ ಬೇವಿನ ಮರದ ಕೆಳಗೆ ಊರಿಗೆಲ್ಲ ಸೇರಿದ ಕಂದು ನಾಯಿಯೊಂದು ಬಿದ್ದುಕೊಂಡಿತ್ತು. ಅಕ್ಕ ಡಬ್ಬಿ ತೆರೆದು ಒಂದು ಹೋಳಿಗೆ ತೆಗೆದಳು. ಬೆಲ್ಲದ ಹೂರಣ, ಮೇಲೆ ಕೈ ಜಾರುವಷ್ಟು ತುಪ್ಪ. ಅದನ್ನು ಎಲೆಯ ಮೇಲಿಟ್ಟು ನಾಯಿಯ ಮೂತಿಯ ಮುಂದೆ ಸರಿಸಿದಳು. ಆಗಲೇ ನನಗೆ ಭಯ ಹುಟ್ಟಿದ್ದು. ನಮ್ಮಕ್ಕನ ಕೈಯ ಹೋಳಿಗೆಯನ್ನು ಬಿಟ್ಟು ಎದ್ದವರನ್ನು ನಾನು ಕಂಡಿಲ್ಲ. ಮನುಷ್ಯರಿಗೇ ಸಾಧ್ಯವಾಗದ್ದನ್ನು ನಾಯಿಯಿಂದ ನಿರೀಕ್ಷಿಸುವುದು ಹೇಗೆ? “ಒಣರೊಟ್ಟಿ ಇಡಬಾರದಿತ್ತಾ ಅಕ್ಕ?” ಎಂದು ಪಿಸುಗುಟ್ಟಿದೆ. “ಅಜ್ಜಿಗೆ ಮೋಸ ಮಾಡಬಾರದು ಕಣೋ” ಎಂದಳು.

ಬೆಂಚಿನ ಮೇಲಿದ್ದ ರೋಗಿಗಳೆಲ್ಲ ಎದ್ದು ಬಂದು ಸುತ್ತ ನಿಂತರು. ಎಲ್ಲರ ಹೊಟ್ಟೆಗಳೂ ಉಸಿರು ಬಿಗಿಹಿಡಿದಿದ್ದವು. ನಾಯಿ ಕಣ್ಣು ತೆರೆದು ಹೋಳಿಗೆ ನೋಡಿತು. ಮೂಸಿತು. ನಾಲಿಗೆ ಚಾಚಿ ತುಪ್ಪವನ್ನು ಒಂದು ಸಲ ನೆಕ್ಕಿತು. ಡಾಕ್ಟರಮ್ಮ ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದರು. ಯಾವ ದೇವರಿಗೋ ಗೊತ್ತಿಲ್ಲ. ನಾಯಿ ಬಾಯಿ ತೆರೆಯಿತು. ಚಿಕ್ಕೀರಪ್ಪನ ಉಗುರು ನನ್ನ ತೋಳಿನಲ್ಲಿ ಇಳಿಯಿತು. ತೆರೆದ ಬಾಯಲ್ಲಿ ಅದು ಆ ಎಂದು ಉದ್ದಕ್ಕೆ ಆಕಳಿಸಿ, ಎದ್ದು ಮೈ ಮುರಿದು, ಎಲೆಯನ್ನು ದಾಟಿಕೊಂಡು ಹೋಗಿ ಗೋಡೆಯ ಮಗ್ಗುಲಿಗೆ ಧೊಪ್ಪನೆ ಬಿದ್ದು ಮಲಗಿತು.

“ಏನಾಯ್ತು?” ಎಂದಳು ಹುಚ್ಚೀರಜ್ಜಿ. “ಆಕಳಿಸ್ದಂಗಾಯ್ತಲ್ಲ?”

“ಬಿಟ್ಟು ಹೋಯ್ತಜ್ಜಿ.”

“ಏನು ಹಾಕಿದ್ರಿ?”

“ಹೋಳಿಗೆ. ತುಪ್ಪ ಹಚ್ಚಿ.”

“ತುಪ್ಪದ ಹೋಳಿಗೇನ... ನಾಯಿ... ಬಿಟ್ಟು ಹೋಯ್ತಾ?” ಅವಳು ಒಂದೊಂದು ಪದವನ್ನೂ ಕೈಯಲ್ಲಿ ಹಿಡಿದು ತೂಗಿ ನೋಡಿದಂತೆ ಹೇಳಿದಳು. ಸುತ್ತ ನಿಂತವರ ಹೊಟ್ಟೆಗಳಲ್ಲೆಲ್ಲ ಗುಸುಗುಸು ಹಬ್ಬಿತು: ಬಿಟ್ಟು ಹೋಯ್ತಂತೆ, ನಾಯಿ ಹೋಳಿಗೆ ಬಿಟ್ಟು ಹೋಯ್ತಂತೆ.

ಚಿಕ್ಕೀರಪ್ಪ ಅಲ್ಲೇ ಮರದ ಕಟ್ಟೆಯ ಮೇಲೆ ಕೂತ. ಅವನ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. “ನೀನು ಆ ಮಗೂನ ಸಾಕಿದೆ. ಅದಕ್ಕೇ ನಮ್ಮಪ್ಪ ಹುಟ್ಟಿದ, ಅದಕ್ಕೇ ನಾನಿದೀನಿ. ನಿನ್ನ ಮಗಳು ಏನು ಹೇಳಿದ್ಲೋ ಅದೆಲ್ಲ ಆಯ್ತಜ್ಜಿ. ಸಾಕಿದ್ದು ಸಾಕು.”

ಅಜ್ಜಿ ಯಾರಲ್ಲೋ ಅಪ್ಪಣೆ ಕೇಳುವ ಹೊಸ ಸೊಸೆಯ ದನಿಯಲ್ಲಿ, “ಹಂಗಾದ್ರೆ ನಾನು ಒಂಚೂರು ಮಲಗ್ಲಾ ಮಗ?” ಎಂದಳು.

“ಮಲಗಜ್ಜಿ.”

ಡಾಕ್ಟರಮ್ಮ ಚೀಟಿ ಬರೆಯುವುದನ್ನು ಒಂದು ವಾರ ಮುಂದೂಡಿದರು. ವಾರ ಕಳೆದ ಮೇಲೆ ಇನ್ನೊಂದು ವಾರ. ಗಾಯದ ಅಂಚಿನಲ್ಲಿ ಎಳೆಯ ಚರ್ಮ ಕಾಣಿಸಿದ ದಿನ, ಚೀಟಿ ಪುಸ್ತಕವನ್ನು ಮೇಜಿನ ಡ್ರಾಯರಿಗೆ ಹಾಕಿದರು. ಮಾತ್ರೆ ಕೆಲಸ ಮಾಡಿತು ಎಂದು ಅವರು ಹೇಳುತ್ತಾರೆ. ಮಾತ್ರೆಯನ್ನು ಚಿಕ್ಕೀರಪ್ಪ ಈಗಲೂ ಬಿಡದೆ ನುಂಗುತ್ತಾನೆ, ನವಣೆಯನ್ನೂ ಉಣ್ಣುತ್ತಾನೆ, ಏರಿಯ ಮೇಲೂ ನಡೆಯುತ್ತಾನೆ. ಕೂಗುವವರು ಯಾರೂ ಇಲ್ಲ. ಊರಿನ ಉಳಿದ ಒಳಗಿನವರಲ್ಲಿ ಕೆಲವರು ನಂಬಿದರು, ಕೆಲವರಿಗೆ ಇನ್ನೂ ಅನುಮಾನ. ನನ್ನ ಹೊಟ್ಟೆಯ ಮುತ್ತಜ್ಜನಂತೂ ಮಹಾ ಸಂಶಯದವನು. ಒಂದು ನಾಯಿಯ ಮಾತು ಹೇಗೆ ನಂಬುವುದು, ಅದಕ್ಕೆ ಅಜೀರ್ಣವಾಗಿದ್ದಿರಬಹುದು ಎನ್ನುತ್ತಾನೆ. ಅವನಿಗಾಗಿ ನಾನು ಸಿಕ್ಕ ಸಿಕ್ಕ ನಾಯಿಗ‌ಳಿಗೆಲ್ಲ ಹೋಳಿಗೆ ಹಾಕಿಕೊಂಡು ತಿರುಗಬೇಕಾಗಿದೆ. ನಾಯಿ ಬಿಟ್ಟುಹೋದದ್ದನ್ನು ನೋಡಿದರೆ ನನಗೇ ಹೊಟ್ಟೆ ಉರಿಯುತ್ತದೆ.

ಚಿಕ್ಕೀರಪ್ಪ ಈಗ ಅಂಗಿಯ ಒಳಗೆ ಬಟ್ಟೆ ಬಿಡುವುದಿಲ್ಲ. ಮೈಗೆ ಎಷ್ಟು ಬೇಕೋ ಅಷ್ಟಕ್ಕೇ ಹೊಲಿಯುತ್ತಾನೆ. ಗಿರಾಕಿಗಳು ಗೊಣಗುತ್ತಾರೆ, ಹೊಲಿಸಿಕೊಳ್ಳುತ್ತಾರೆ. ತನ್ನ ಹಳೆಯ ಅಂಗಿಗಳನ್ನೆಲ್ಲ ಬಿಚ್ಚಿ, ಹೊಲಿಗೆಗಳ ಒಳಗೆ ವರ್ಷಗಟ್ಟಲೆ ಮಡಚಿಟ್ಟಿದ್ದ ಪಟ್ಟಿಗಳನ್ನು ಕತ್ತರಿಸಿ ಜೋಡಿಸಿ ಒಂದು ಪುಟ್ಟ ಕೌದಿ ಹೊಲಿದ. ತೊಟ್ಟಿಲಿಗೆ ಹಾಸುವಷ್ಟು ಚಿಕ್ಕದು. ಯಾವ ಮಗುವಿಗೆ ಎಂದು ಅಕ್ಕ ಕೇಳಿದರೆ ಹೇಳಲಿಲ್ಲ.

ಮೊನ್ನೆ ಮಧ್ಯಾಹ್ನ ಹಲಗೆಯ ಆಚೆ ಸದ್ದಿಲ್ಲದ್ದರಿಂದ ಹೋಗಿ ನೋಡಿದೆ. ಊಟ ಮುಗಿಸಿ ಬಂದು ಕುರ್ಚಿಯಲ್ಲಿ ಒರಗಿದ್ದ. ಬಲಗಾಲು ಮಿಷನ್ನಿನ ಪೆಡಲಿನ ಮೇಲೆ ಸುಮ್ಮನೆ ಕೂತಿತ್ತು, ಐದೂ ಬೆರಳು ಸಮೇತ. ಹೊಟ್ಟೆಯ ಮೇಲೆ ಆ ಪುಟ್ಟ ಕೌದಿ ಹೊದಿಸಿಕೊಂಡಿದ್ದ. ನಾನು ರೂಢಿಯಂತೆ ಜೋರಾಗಿ, “ಏನ್ ಭಾವ, ಒಳಗಿನವರು ಏನಂತಾರೆ?” ಎಂದೆ.

ಅವನು ಗಾಬರಿಯಿಂದ ತುಟಿಯ ಮೇಲೆ ಬೆರಳಿಟ್ಟ.

“ಮೆತ್ತಗೆ ಮಾತಾಡೋ ಮಾರಾಯ,” ಎಂದ, ಕೌದಿಯ ಅಂಚನ್ನು ಸರಿಮಾಡುತ್ತಾ. “ಮಲಗಿದಾರೆ.”